ದೊಡ್ಡ ಫಿಫ್ತ್ ವೀಲ್ ಕ್ಯಾಂಪರ್ ಎಳೆಯುವುದು ಹೇಗೆ? ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಕ್ಯಾಂಪರ್, ಅಂದರೆ ಟ್ರಕ್ಕಿಗೆ ಸಿಕ್ಕಿಸಿ ಎಳೆಯುವ ಗಾಲಿಮನೆ, ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಈ ಟ್ರಕ್ ಎಷ್ಟು ಎಳೆಯುತ್ತೆ?" ಶೋರೂಮಿನಲ್ಲಿ ಉತ್ತರವೂ ಥಟ್ಟನೆ ಸಿಗುತ್ತದೆ. 18,000 ಪೌಂಡ್, 20,000 ಪೌಂಡ್ ಅಂತ. ಆದರೆ ಫಿಫ್ತ್ ವೀಲ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಟ್ರಕ್ ಎಷ್ಟು ಹೊರುತ್ತದೆ?

ಮಾಮೂಲಿ ಟ್ರೇಲರ್ ಬಂಪರ್ ಹಿಂದಿನ ಬಾಲ್‌ಗೆ ಸಿಕ್ಕಿಕೊಳ್ಳುತ್ತದೆ. ಫಿಫ್ತ್ ವೀಲ್‌ನ ಮುಂಭಾಗ ಟ್ರಕ್ಕಿನ ಬೆಡ್ (ಸಾಮಾನು ಹೇರುವ ತೆರೆದ ಹಿಂಭಾಗ) ಮೇಲೆ ಚಾಚಿಕೊಂಡು, ಹಿಂದಿನ ಆಕ್ಸಲ್‌ನ ನೇರಕ್ಕೋ ಸ್ವಲ್ಪ ಮುಂದಕ್ಕೋ ಇರುವ ಹಿಚ್, ಅಂದರೆ ಎರಡನ್ನೂ ಕೂಡಿಸುವ ಕೊಂಡಿಯ ಮೇಲೆ ಕೂರುತ್ತದೆ. ಇಡೀ ಟ್ರೇಲರ್ ತೂಕದ ಶೇಕಡಾ 15ರಿಂದ 25ರಷ್ಟು ಟ್ರಕ್ಕಿನ ಬೆನ್ನ ಮೇಲೆ ಬೀಳುತ್ತದೆ. ಇದಕ್ಕೆ ಪಿನ್ ವೇಟ್ ಎನ್ನುತ್ತಾರೆ. ಈ ಭಾರ ಆಕ್ಸಲ್ ಮೇಲೆ ಕೂತಿರುವುದರಿಂದಲೇ ಫಿಫ್ತ್ ವೀಲ್ ಹೈವೇಯಲ್ಲಿ ಅತ್ತಿತ್ತ ತೂಗಾಡದೆ ನೆಟ್ಟಗೆ ಬರುತ್ತದೆ. ಟ್ರಕ್ಕಿನ ಮಿತಿಯನ್ನು ಬೇಗ ಮುಗಿಸುವುದೂ ಇದೇ ಭಾರ.

ಮೊದಲು ಕ್ಯಾಂಪರ್, ಆಮೇಲೆ ಟ್ರಕ್

ಬಹಳ ಮಂದಿ ಟ್ರಕ್ ಮೊದಲು ಕೊಳ್ಳುತ್ತಾರೆ. ಆಮೇಲೆ ಮನೆಯವರೆಲ್ಲ ಸೇರಿ ಇಷ್ಟಪಟ್ಟ ಕ್ಯಾಂಪರ್ ಆ ಟ್ರಕ್ಕಿಗೆ ಹೊಂದುವುದಿಲ್ಲ. ನನ್ನ ಸಲಹೆ ಕೇಳುವುದಾದರೆ, ಎಂಥ ಕ್ಯಾಂಪರ್ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಅದರ ಲೆಕ್ಕ ಮುಗಿದ ಮೇಲೆ ಟ್ರಕ್ ಹುಡುಕಿ.

ಲೆಕ್ಕ ಹೀಗೆ. ಕ್ಯಾಂಪರಿನ ಹೊರಗೋಡೆಯ ಸ್ಟಿಕ್ಕರ್ ಮೇಲೆ ಜಿವಿಡಬ್ಲ್ಯುಆರ್ ಎಂದು ಬರೆದಿರುತ್ತದೆ. ಸಾಮಾನು, ನೀರು ಎಲ್ಲ ತುಂಬಿದ ಮೇಲೆ ಅದು ತೂಗಬಹುದಾದ ಗರಿಷ್ಠ ಮಿತಿ ಅದು. ಅದನ್ನೇ ಹಿಡಿದು ಲೆಕ್ಕ ಮಾಡಿ. ಬ್ರೋಷರಿನಲ್ಲಿರುವ ಡ್ರೈ ವೇಟ್ ನಂಬಿ ಕೂರಬೇಡಿ. ಅದರಲ್ಲಿ ನೀರಿಲ್ಲ, ನಿಮ್ಮ ಪಾತ್ರೆ ಪಡಗ ಇಲ್ಲ. ನಮ್ಮ ಮನೆಗಳಲ್ಲಂತೂ ಕುಕ್ಕರ್, ಗ್ರೈಂಡರ್, ಸೋನಾ ಮಸೂರಿ ಚೀಲ ಇಲ್ಲದೆ ಪ್ರಯಾಣ ಹೊರಡುವುದೇ ಇಲ್ಲ, ಅಲ್ವಾ? ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್ ತೂಗುತ್ತದೆ. 60 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲಿಗೇ 500 ಪೌಂಡ್ ಆಯಿತು.

ಒಂದು ಉದಾಹರಣೆ ನೋಡೋಣ. ಕ್ಯಾಂಪರಿನ ಜಿವಿಡಬ್ಲ್ಯುಆರ್ 14,000 ಪೌಂಡ್ ಎಂದಿಟ್ಟುಕೊಳ್ಳಿ. ಶೇಕಡಾ 20 ಎಂದರೆ ಪಿನ್ ವೇಟ್ 2,800. ಹಿಚ್‌ನ ತೂಕ 150. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಸೇರಿ 600. ಬೆಡ್ಡಿನಲ್ಲಿ ಜನರೇಟರ್, ಟೂಲ್ ಬಾಕ್ಸ್ ಎಂದು 200. ಒಟ್ಟು 3,750 ಪೌಂಡ್. ಇಷ್ಟನ್ನು ನಿಮ್ಮ ಟ್ರಕ್ ಹೊರಬೇಕು.

ಈಗ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿನ ಮೇಲೆ ಅಂಟಿಸಿರುವ ಹಳದಿ ಬಿಳಿ ಸ್ಟಿಕ್ಕರ್ ಓದಿ. ಪ್ರಯಾಣಿಕರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಅದೇ ಆ ಟ್ರಕ್ಕಿನ ಪೇಲೋಡ್. ಇಂಟರ್ನೆಟ್‌ನಲ್ಲಿ ಸಿಗುವ ಸಂಖ್ಯೆ ಬೇಡ, ನೀವು ಕೊಳ್ಳುವ ಅದೇ ಟ್ರಕ್ಕಿನ ಸ್ಟಿಕ್ಕರ್ ಮೇಲಿನ ಸಂಖ್ಯೆಯೇ ಬೇಕು. ಸನ್‌ರೂಫ್, ದೊಡ್ಡ ಸೀಟು, ಫೋರ್ ವೀಲ್ ಡ್ರೈವ್ ಎಂದು ಏನೇ ಸೇರಿದರೂ ಆ ಸಂಖ್ಯೆ ಇಳಿಯುತ್ತದೆ. ಡೀಸೆಲ್ ಎಂಜಿನ್ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಎಂಜಿನ್ನೇ ಭಾರವಾದ್ದರಿಂದ ಮುಕ್ಕಾಲು ಟನ್ ಎಂದು ಕರೆಯುವ ವರ್ಗದ ಎಷ್ಟೋ ಡೀಸೆಲ್ ಟ್ರಕ್‌ಗಳ ಪೇಲೋಡ್ 2,000, 2,500 ಪೌಂಡಿನ ಆಸುಪಾಸಿಗೆ ನಿಲ್ಲುತ್ತದೆ. ನಮ್ಮ 3,750ಕ್ಕೆ ಅದು ಸಾಲದು. ಎಳೆಯುವ ಶಕ್ತಿ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ಹೊರುವ ಶಕ್ತಿ ಮುಗಿದಿರುತ್ತದೆ.

ಹಾಗಾಗಿ ಈ ಅಳತೆಯ ಕ್ಯಾಂಪರಿಗೆ ಒಂದು ಟನ್ನಿನ ಟ್ರಕ್ಕೇ ಸರಿ. ಈ ಟನ್ ಎಂಬುದು ಟ್ರಕ್ಕಿನ ವರ್ಗದ ಹೆಸರಷ್ಟೇ, ಅದು ಹೊರುವ ತೂಕವಲ್ಲ. ಅಂದರೆ ಫೋರ್ಡ್ ಎಫ್-350, ರಾಮ್ 3500, ಷೆವರ್ಲೆ ಸಿಲ್ವರಾಡೊ 3500 ಥರದವು. 14,000 ದಾಟಿದರೆ ನಾನು ಹಿಂದೆ ನಾಲ್ಕು ಗಾಲಿ ಇರುವ ಡ್ಯುಯಲಿಯನ್ನೇ ಆರಿಸುತ್ತೇನೆ. ಊರೊಳಗೆ ಪಾರ್ಕಿಂಗ್ ಕಷ್ಟ, ಒಪ್ಪುತ್ತೇನೆ. ಆದರೆ ಹಿಂದಿನ ಒಂದು ಟೈರ್ ಸಿಡಿದರೂ ಪಕ್ಕದ ಟೈರ್ ಗಾಡಿಯನ್ನು ಎತ್ತಿ ಹಿಡಿದಿರುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಆ ನೆಮ್ಮದಿ ದೊಡ್ಡದು.

ಬೆಡ್ಡಿನ ಉದ್ದವನ್ನೂ ಈಗಲೇ ನೋಡಿಕೊಳ್ಳಿ. 8 ಅಡಿ ಬೆಡ್ ಇದ್ದರೆ ಚಿಂತೆಯಿಲ್ಲ. ಆರೂವರೆ ಅಡಿಯದಾದರೆ, ತೀಕ್ಷ್ಣ ತಿರುವಿನಲ್ಲಿ ಕ್ಯಾಂಪರಿನ ಮೂಲೆ ಬಂದು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಬಡಿಯಬಹುದು. ಅದಕ್ಕೆ ಹಿಂದಕ್ಕೆ ಜಾರುವ ಸ್ಲೈಡರ್ ಹಿಚ್ ಬೇಕಾಗುತ್ತದೆ. ಬೆಡ್ಡಿನ ಅಂಚಿಗೂ ಕ್ಯಾಂಪರಿನ ತಳಕ್ಕೂ ಸುಮಾರು 6 ಇಂಚು ಜಾಗ ಇರಲಿ. ಕಡಿಮೆಯಾದರೆ, ಏರುತಗ್ಗಿನಲ್ಲಿ ಗ್ಯಾಸ್ ಬಂಕಿಗೆ ತಿರುಗುವಾಗ ಎರಡೂ ತಾಗುತ್ತವೆ.

ಲೈಸೆನ್ಸ್ ಮರೆಯಬೇಡಿ

ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಫಿಫ್ತ್ ವೀಲ್‌ನ ಜಿವಿಡಬ್ಲ್ಯುಆರ್ 15,000 ಪೌಂಡ್ ದಾಟಿದರೆ ನಾನ್ ಕಮರ್ಷಿಯಲ್ ಕ್ಲಾಸ್ ಎ ಲೈಸೆನ್ಸ್ ಬೇಕು. 10,000ದಿಂದ 15,000ದ ನಡುವೆ ಇದ್ದರೆ ಮಾಮೂಲಿ ಲೈಸೆನ್ಸಿಗೇ ಒಂದು ಎಂಡಾರ್ಸ್‌ಮೆಂಟ್ ಸೇರಿಸಿಕೊಳ್ಳಬೇಕು. ಟೆಕ್ಸಸ್‌ನಲ್ಲಿ ಟ್ರಕ್ಕು, ಟ್ರೇಲರ್ ಎರಡರ ಮಿತಿ ಸೇರಿ 26,000 ಪೌಂಡ್ ದಾಟಿ, ಟ್ರೇಲರ್ ಒಂದೇ 10,000 ದಾಟಿದರೆ ಅಲ್ಲೂ ಕ್ಲಾಸ್ ಎ ಬೇಕು. ಡೀಲರ್ ಇದನ್ನು ತಾನಾಗಿ ಹೇಳುತ್ತಾನೆ ಎಂದು ಕಾಯಬೇಡಿ. ನಿಮ್ಮ ರಾಜ್ಯದ ಡಿಎಂವಿ ವೆಬ್‌ಸೈಟ್ ನೋಡಿ, ವಿಮೆಯವರನ್ನೂ ಕೇಳಿ.

ಹಿಚ್ಚಿಗೆ ಕೂಡಿಸುವುದು

ಇಲ್ಲಿ ಅವಸರ ಬೇಡವೇ ಬೇಡ. ಯಾರಾದರೂ ಮಾತಾಡಿಸಲು ಬಂದರೆ "ಐದು ನಿಮಿಷ ಬಿಟ್ಟು ಬರ್ತೀನಿ" ಎನ್ನಿ. ಮಧ್ಯದಲ್ಲಿ ನಿಂತುಹೋದ ಕೆಲಸದಲ್ಲೇ ಒಂದು ಹೆಜ್ಜೆ ತಪ್ಪಿಹೋಗುತ್ತದೆ.

ಮೊದಲು ಕ್ಯಾಂಪರಿನ ಗಾಲಿಗಳಿಗೆ ಹಿಂದೆ ಮುಂದೆ ಚಾಕ್ (ಗಾಲಿ ಉರುಳದಂತೆ ತಡೆಯುವ ತುಂಡು) ಕೊಡಿ. ಟ್ರಕ್ಕಿನ ಟೈಲ್‌ಗೇಟ್ ಕೆಳಗಿಳಿಸಿ. ಹಿಚ್‌ನ ಹಿಡಿ ತೆರೆದ ಸ್ಥಿತಿಯಲ್ಲಿರಲಿ.

ಆಮೇಲೆ ಎತ್ತರ. ಕ್ಯಾಂಪರಿನ ಮುಂಗಾಲುಗಳನ್ನು ಏರಿಸಿ ಇಳಿಸಿ, ಕ್ಯಾಂಪರಿನ ಮುಂಭಾಗದ ಕೆಳಗೆ ಇಳಿಬಿದ್ದಿರುವ ಕಿಂಗ್‌ಪಿನ್ ಎಂಬ ಗೂಟದ ಮೇಲಿರುವ ತಟ್ಟೆ ಹಿಚ್‌ನ ತಟ್ಟೆಗಿಂತ ಅರ್ಧ ಇಂಚಿನಷ್ಟು ಕೆಳಗೆ ಬರುವ ಹಾಗೆ ಮಾಡಿ. ಟ್ರಕ್ ಹಿಂದಕ್ಕೆ ಬಂದಾಗ ಹಿಚ್ ಅದರ ಕೆಳಗೆ ಜಾರಿ, ಕ್ಯಾಂಪರನ್ನು ಒಂಚೂರು ಎತ್ತಬೇಕು. ಉಲ್ಟಾ ಆಗಿ ಕ್ಯಾಂಪರ್ ಮೇಲಿದ್ದರೆ ಪಿನ್ನಿನ ತುದಿಯಷ್ಟೇ ಅದನ್ನು ಹಿಡಿಯುವ ಹಿಚ್ಚಿನ ದವಡೆಗೆ ಸಿಕ್ಕಿ, ನೋಡುವವರಿಗೆ ಕೂಡಿಕೊಂಡಂತೆ ಕಾಣುತ್ತದೆ. ಹೊರಟ ಮೇಲೆ ಮೊದಲ ಏರಿನಲ್ಲೇ ಕ್ಯಾಂಪರ್ ಕಳಚಿ ಟ್ರಕ್ಕಿನ ಬೆಡ್ ಮೇಲೆ ಕುಸಿಯುತ್ತದೆ. ಬೆಡ್ಡಿನ ಎರಡೂ ಬದಿ ಜಜ್ಜಿಹೋದ ಟ್ರಕ್ಕುಗಳ ಹಿಂದೆ ಹೆಚ್ಚಾಗಿ ಇದೇ ಕಾರಣ ಇರುತ್ತದೆ.

ನಿಧಾನವಾಗಿ, ನೇರವಾಗಿ ಹಿಂದಕ್ಕೆ ಬನ್ನಿ. ಪಿನ್ ಒಳಗೆ ಹೋಗಿ ದವಡೆ ಮುಚ್ಚಿದ ಸದ್ದು ಕೇಳಿಸುತ್ತದೆ. ಸದ್ದು ಕೇಳಿದರೆ ಸಾಲದು. ಇಳಿದು ಬಂದು ಟಾರ್ಚ್ ಬಿಟ್ಟು ನೋಡಿ. ದವಡೆ ಪಿನ್ನಿನ ಸುತ್ತ ಪೂರ್ತಿ ಮುಚ್ಚಿದೆಯೇ? ಎರಡು ತಟ್ಟೆಗಳ ನಡುವೆ ಬೆಳಕು ಕಾಣುತ್ತಿಲ್ಲ ತಾನೆ? ಹಿಡಿಯನ್ನು ಲಾಕ್ ಮಾಡಿ, ಅದರ ಪಿನ್ ಹಾಕಿ.

ಈಗ ಏಳು ಪಿನ್ನಿನ ವಿದ್ಯುತ್ ಕೇಬಲ್ ಸಿಕ್ಕಿಸಿ. ಜೊತೆಗೆ ಬ್ರೇಕ್‌ಅವೇ ಕೇಬಲ್. ಕ್ಯಾಂಪರ್ ಕಳಚಿಕೊಂಡರೆ ಈ ತೆಳು ತಂತಿ ಸೆಳೆದು, ಕ್ಯಾಂಪರಿನ ಬ್ಯಾಟರಿಯಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ಇದನ್ನು ಹಿಚ್‌ನ ಹಿಡಿಗೆ ಸುತ್ತುವವರನ್ನು ಬಹಳ ಕಡೆ ನೋಡುತ್ತೇನೆ. ಹಿಚ್ಚೇ ಕಿತ್ತು ಬಂದರೆ ತಂತಿಯೂ ಅದರ ಜೊತೆಗೇ ಬರುತ್ತದೆ, ಸೆಳೆಯುವುದೇ ಇಲ್ಲ. ಟ್ರಕ್ಕಿನ ಬೆಡ್ಡಿನಲ್ಲಿರುವ ಗಟ್ಟಿ ಕೊಂಡಿಗೆ ಸಿಕ್ಕಿಸಿ. ಕ್ಯಾಂಪರಿನ ಬ್ಯಾಟರಿ ಚಾರ್ಜ್ ಆಗಿರಲಿ.

ಟೈಲ್‌ಗೇಟ್ ಮುಚ್ಚಿ. ಮುಂಗಾಲುಗಳನ್ನು ನೆಲದಿಂದ ಒಂದೆರಡು ಇಂಚಷ್ಟೇ ಎತ್ತಿ. ಚಾಕ್ ಹಾಗೇ ಇರಲಿ. ಟ್ರಕ್ಕಿನೊಳಗಿಂದ ಕ್ಯಾಂಪರಿನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರಿನ ಗುಂಡಿ ಒತ್ತಿ ಕ್ಯಾಂಪರ್ ಬ್ರೇಕ್ ಹಿಡಿದು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಕ್ಯಾಂಪರ್ ಬಿಗಿಯಾಗಿ ತಡೆದರೆ ಕೂಡಿಕೆ ಸರಿಯಾಗಿದೆ. ಕಳಚಿದರೂ ಕಾಲುಗಳ ಮೇಲೆ ನಿಲ್ಲುತ್ತದೆ, ಬೆಡ್ ಉಳಿಯುತ್ತದೆ. ಈ ಎಳೆದು ನೋಡುವ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ. ಆಮೇಲಷ್ಟೇ ಕಾಲುಗಳನ್ನು ಪೂರ್ತಿ ಎತ್ತಿ, ಚಾಕ್ ತೆಗೆಯಿರಿ.

ಹೊರಡುವ ಮುನ್ನ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ಸುತ್ತು ಬನ್ನಿ. ಸ್ಲೈಡ್‌ಗಳು (ಹೊರಕ್ಕೆ ಜಾರುವ ಕೋಣೆಯ ಭಾಗಗಳು) ಒಳಗಿವೆಯೇ, ಆಂಟೆನಾ ಇಳಿದಿದೆಯೇ, ಮೆಟ್ಟಿಲು ಮಡಚಿದೆಯೇ, ಫ್ರಿಜ್ ಬಾಗಿಲು ಭದ್ರವೇ, ಪ್ರೊಪೇನ್ ಬಂದಾಗಿದೆಯೇ, ಇಂಡಿಕೇಟರ್ ಮತ್ತು ಬ್ರೇಕ್ ದೀಪ ಉರಿಯುತ್ತಿವೆಯೇ. ಒಬ್ಬರು ನೋಡದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಟೈರ್ ಮತ್ತು ಬ್ರೇಕ್

ದೊಡ್ಡ ಕ್ಯಾಂಪರುಗಳಿಗೆ ರಸ್ತೆಯಲ್ಲಿ ಬರುವ ತೊಂದರೆಗಳಲ್ಲಿ ಟೈರ್ ಸಿಡಿಯುವುದೇ ಕೆಟ್ಟದ್ದು. ಸಿಡಿದ ರಬ್ಬರ್ ಚಾವಟಿಯಂತೆ ಬಡಿದು ತಳದ ಪೈಪು, ವೈರು ಎಲ್ಲವನ್ನೂ ಹರಿದುಹಾಕುತ್ತದೆ. ಕಾರಣ ಹೆಚ್ಚಿನ ಸಲ ಕಡಿಮೆ ಗಾಳಿ ಅಥವಾ ಹೆಚ್ಚು ಭಾರ, ಅದರಿಂದ ಹುಟ್ಟುವ ಬಿಸಿ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಲೋಡ್ ರೇಂಜ್ (ಟೈರ್ ಹೊರುವ ಭಾರದ ದರ್ಜೆ) ಇ ಟೈರಿಗೆ ಸಾಮಾನ್ಯವಾಗಿ 80 ಪಿಎಸ್‌ಐ, ಜಿ ಟೈರಿಗೆ 110. ಕ್ಯಾಂಪರಿನ ಸ್ಟಿಕ್ಕರಿನಲ್ಲಿ ಏನಿದೆಯೋ ಅದನ್ನೇ ಪಾಲಿಸಿ.

ಟೈರಿನ ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2322 ಎಂದರೆ 2022ರ 23ನೇ ವಾರ. ಕ್ಯಾಂಪರ್ ವರ್ಷದ ಬಹುಕಾಲ ನಿಂತೇ ಇರುವುದರಿಂದ ಟೈರ್ ಸವೆಯುವುದಕ್ಕಿಂತ ಮೊದಲು ವಯಸ್ಸಾಗುತ್ತದೆ. ಐದಾರು ವರ್ಷಕ್ಕೆ ಬದಲಿಸಿ, ನೋಡಲು ಹೊಸದರಂತಿದ್ದರೂ ಸರಿ. ಗಾಳಿಯ ಒತ್ತಡ ಮತ್ತು ಬಿಸಿ ತೋರಿಸುವ ಟಿಪಿಎಂಎಸ್ ಹಾಕಿಸಿ. ಖರ್ಚು ಮಾಡಿದ್ದಕ್ಕೆ ಅಷ್ಟು ಬೆಲೆ ತರುವ ವಸ್ತು ಇನ್ನೊಂದಿಲ್ಲ.

ಬ್ರೇಕ್ ಕಂಟ್ರೋಲರ್ ಹೊಂದಿಸಲು ಸಮತಟ್ಟಾದ, ಒಣಗಿದ, ಖಾಲಿ ರಸ್ತೆ ಹುಡುಕಿ. 20, 25 ಮೈಲಿ ವೇಗದಲ್ಲಿ ಹೋಗುತ್ತಾ ಕಂಟ್ರೋಲರಿನ ಕೈಬ್ರೇಕ್ ಗುಂಡಿ ಮಾತ್ರ ಒತ್ತಿ. ಕ್ಯಾಂಪರ್ ಚೆನ್ನಾಗಿ ಹಿಡಿದು ನಿಧಾನಿಸಬೇಕು, ಗಾಲಿ ಪೂರ್ತಿ ನಿಂತು ಜಾರಬಾರದು. ಜಾರಿದರೆ ಗೇನ್, ಅಂದರೆ ಬ್ರೇಕ್ ಹಿಡಿತದ ಬಲ, ಇಳಿಸಿ, ಹಿಡಿಯದಿದ್ದರೆ ಏರಿಸಿ.

ತೂಕ ಹಾಕಿಸಿ

ಇಲ್ಲಿಯವರೆಗಿನ ಲೆಕ್ಕ ಅಂದಾಜು. ನಿಜ ಗೊತ್ತಾಗುವುದು ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲಿನ ಮೇಲೆ. ದೊಡ್ಡ ಲಾರಿಗಳಿಗೆಂದೇ ಇರುವ ಈ ತೂಕದ ಕಟ್ಟೆ ನಮಗೂ ತೆರೆದಿದೆ, ಕೊಡಬೇಕಾದ ಹಣವೂ ಕಡಿಮೆಯೇ. ಪ್ರವಾಸಕ್ಕೆ ಹೋಗುವಂತೆ ಎಲ್ಲ ತುಂಬಿಕೊಂಡು, ಮನೆಯವರನ್ನೂ ಕೂರಿಸಿಕೊಂಡು ಹೋಗಿ. ಟ್ರಕ್ಕಿನ ಮುಂದಿನ ಗಾಲಿ ಮೊದಲ ಹಾಸಿನ ಮೇಲೆ, ಹಿಂದಿನ ಗಾಲಿ ಎರಡನೆಯದರ ಮೇಲೆ, ಕ್ಯಾಂಪರಿನ ಗಾಲಿಗಳು ಮೂರನೆಯದರ ಮೇಲೆ ಬರಲಿ. ಚೀಟಿ ತೆಗೆದುಕೊಂಡು, ಜಾಗವಿರುವ ಕಡೆ ಕ್ಯಾಂಪರ್ ಇಳಿಸಿ, ಟ್ರಕ್ ಒಂದನ್ನೇ ಮತ್ತೆ ತೂಗಿಸಿ.

ಕ್ಯಾಂಪರ್ ಜೊತೆಗಿದ್ದಾಗ ಟ್ರಕ್ಕಿನ ಎರಡು ಆಕ್ಸಲ್ ಸೇರಿ 11,000 ಪೌಂಡ್, ಟ್ರಕ್ ಒಂದೇ ಇದ್ದಾಗ 8,400 ಬಂತು ಎನ್ನಿ. ವ್ಯತ್ಯಾಸ 2,600, ಅದೇ ನಿಮ್ಮ ನಿಜವಾದ ಪಿನ್ ವೇಟ್. ಕ್ಯಾಂಪರಿನ ಆಕ್ಸಲ್‌ಗಳ ಮೇಲೆ 10,400 ಇದ್ದರೆ ಇಡೀ ಕ್ಯಾಂಪರ್ 13,000 ತೂಗುತ್ತದೆ. ಶೇಕಡಾ 20 ಸರಿಯಾಗಿ ಬಂತು. 15ಕ್ಕಿಂತ ಕೆಳಗಿಳಿದರೆ ಭಾರದ ಸಾಮಾನನ್ನು ಮುಂಭಾಗಕ್ಕೆ ಸರಿಸಿ. ಟ್ರಕ್ಕಿನ ಹಿಂದಿನ ಆಕ್ಸಲ್ ತನ್ನ ಮಿತಿ ದಾಟಿದ್ದರೆ ಸಾಮಾನು ಇಳಿಸಲೇಬೇಕು. ಏರ್‌ಬ್ಯಾಗ್ ಹಾಕಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಪಘಾತದಲ್ಲಿ ಉಬ್ಬುವುದಲ್ಲ, ಹಿಂದಿನ ಸಸ್ಪೆನ್ಷನ್ನಿಗೆ ಹಾಕುವ ಗಾಳಿಚೀಲ. ಏರ್‌ಬ್ಯಾಗ್ ಟ್ರಕ್ಕಿನ ಹಿಂಭಾಗವನ್ನು ಎತ್ತಿ ನಿಲ್ಲಿಸುತ್ತದೆ ಅಷ್ಟೇ, ಪೇಲೋಡ್ ಹೆಚ್ಚಿಸುವುದಿಲ್ಲ.

ರಸ್ತೆಯ ಮೇಲೆ

ಇಂಥ ಕ್ಯಾಂಪರಿನ ಎತ್ತರ 13 ಅಡಿ ದಾಟುವುದು ಮಾಮೂಲು. ನಿಮ್ಮದನ್ನು ಟೇಪ್ ಹಿಡಿದು ಅಳೆದು, ಎಸಿ ಡಬ್ಬವನ್ನೂ ಸೇರಿಸಿ, ಸಂಖ್ಯೆಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ. ನಾರ್ತ್ ಕ್ಯಾರೊಲಿನಾದ ಡರಂನಲ್ಲಿ ರೈಲು ಸೇತುವೆಯೊಂದರ ಕೆಳಗೆ ವರ್ಷಗಟ್ಟಲೆ 11 ಅಡಿ 8 ಇಂಚಷ್ಟೇ ಜಾಗವಿತ್ತು. ಲಾರಿಗಳ ತಲೆ ಸಿಗಿದು ಸಿಗಿದು ಅದು ಹೆಸರುವಾಸಿಯಾಯಿತು. 2019ರಲ್ಲಿ ಎತ್ತರಿಸಿದ ಮೇಲೂ ಜಾಗ 12 ಅಡಿ 4 ಇಂಚು ಮಾತ್ರ. ಫೋನಿನ ಮಾಮೂಲಿ ಮ್ಯಾಪಿಗೆ ನಿಮ್ಮ ಎತ್ತರ ಗೊತ್ತಿಲ್ಲ. ಎತ್ತರ, ಉದ್ದ, ತೂಕ ಕೊಟ್ಟರೆ ದಾರಿ ಹೇಳುವ ಆರ್‌ವಿ ಜಿಪಿಎಸ್ ಬಳಸಿ.

ಕೆಲವು ದಾರಿಗಳು ನಮಗಲ್ಲ. ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇಯಲ್ಲಿ ಟ್ರೇಲರಿಗೆ ಪ್ರವೇಶವಿಲ್ಲ. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಹೋಗುವಂತಿಲ್ಲ. ಬಾಲ್ಟಿಮೋರ್ ಬಂದರಿನ ಸುರಂಗಗಳಲ್ಲಿ ಕ್ಯಾಂಪರಿನ ಪ್ರೊಪೇನ್ ಸಿಲಿಂಡರಿಗೆ ಬಿಡುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೀ ಬ್ರಿಡ್ಜ್ ಕುಸಿದ ಮೇಲೆ ಐ-695ರ ಪಶ್ಚಿಮ ಭಾಗ ಹಿಡಿದು ಸುತ್ತಿಕೊಂಡು ಹೋಗಬೇಕು.

ವೇಗ 60, 62 ಮೈಲಿ ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ, ನಮ್ಮ ಗಾಡಿ ನಿಲ್ಲಲು ಬೇಕಾದ ದೂರ ಅವರಿಗೆ ಗೊತ್ತಿಲ್ಲ. ವಯೋಮಿಂಗ್‌ನ ಐ-80ರಲ್ಲಿ ಲ್ಯಾರಮಿ, ರಾಲಿನ್ಸ್ ನಡುವೆ ಅಡ್ಡಗಾಳಿ ಜೋರು. ಎತ್ತರದ ಹಗುರ ಗಾಡಿಗಳಿಗೆ ರಸ್ತೆಯನ್ನೇ ಮುಚ್ಚುವುದುಂಟು. ಅಂಥ ದಿನ ಕ್ಯಾಂಪ್‌ಗ್ರೌಂಡಿನಲ್ಲಿ ಇನ್ನೊಂದು ರಾತ್ರಿ ಉಳಿದುಬಿಡಿ.

ತಿರುವಿನಲ್ಲಿ ಕ್ಯಾಂಪರಿನ ಗಾಲಿಗಳು ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಬಲಕ್ಕೆ ತಿರುಗುವಾಗ ಜಂಕ್ಷನ್ನಿನೊಳಗೆ ಇನ್ನಷ್ಟು ಮುಂದೆ ಹೋಗಿ ಆಮೇಲೆ ತಿರುಗಿಸಿ. ಅದೇ ಹೊತ್ತಿಗೆ ಹಿಂಭಾಗದ ಮೂಲೆ ಎದುರು ದಿಕ್ಕಿಗೆ ಬೀಸುತ್ತದೆ. ಗ್ಯಾಸ್ ಬಂಕಿನ ಕಂಬಗಳಿಗೆ ತಾಗುವುದು ಹೀಗೆಯೇ.

ಘಟ್ಟ ಹತ್ತುವುದು ತಾಳ್ಮೆಯ ಕೆಲಸ, ಇಳಿಯುವುದು ಜಾಗ್ರತೆಯ ಕೆಲಸ. ಕೊಲೊರಾಡೊದ ಐ-70ರಲ್ಲಿ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ. ಸುರಂಗ ದಾಟಿ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ ಹೋಗುವಾಗ ಕಡಿದಾದ ಉದ್ದನೆಯ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳಿಗೆಂದು ಪಕ್ಕದಲ್ಲಿ ರ್‍ಯಾಂಪ್ ಕಟ್ಟಿದ್ದಾರೆ ಎಂದರೆ ಊಹಿಸಿಕೊಳ್ಳಿ.

ಇಳಿಜಾರು ಶುರುವಾಗುವ ಮುಂಚೆಯೇ ನಿಧಾನಿಸಿ. ಟೋ ಹಾಲ್ ಮೋಡ್ (ಭಾರ ಎಳೆಯುವಾಗ ಬಳಸುವ ಗೇರಿನ ಸ್ಥಿತಿ), ಡೀಸೆಲ್ ಆದರೆ ಎಗ್ಸಾಸ್ಟ್ ಬ್ರೇಕ್ ಹಾಕಿ, ಕೆಳಗಿನ ಗೇರಿಗೆ ಬನ್ನಿ. ಎಂಜಿನ್ ಗಟ್ಟಿಯಾಗಿ ಕೂಗಿದರೆ ಹೆದರಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. 45 ನಿಮ್ಮ ಮಿತಿ ಎಂದುಕೊಂಡರೆ, ಅಷ್ಟಕ್ಕೆ ಬಂದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 40ಕ್ಕೆ ಇಳಿಸಿ, ಪೂರ್ತಿ ಬಿಡಿ. ಮತ್ತೆ 45 ಆದಾಗ ಮತ್ತೆ ಒತ್ತಿ. ಇಡೀ ಇಳಿಜಾರಿನಲ್ಲಿ ಕಾಲು ಬ್ರೇಕ್ ಮೇಲೇ ಇಟ್ಟುಕೊಂಡರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ರಿವರ್ಸ್ ಮತ್ತು ನಿಲ್ಲಿಸುವುದು

ಮಂಡ್ಯದ ಕಡೆ ಟ್ರ್ಯಾಕ್ಟರಿಗೆ ಎರಡು ಗಾಲಿಯ ಟ್ರೇಲರ್ ಸಿಕ್ಕಿಸಿ ಗದ್ದೆ ದಾರಿಯಲ್ಲಿ ರಿವರ್ಸ್ ಹೊಡೆದವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆ. ಸ್ಟೀರಿಂಗಿನ ಕೆಳಭಾಗವನ್ನು ಹಿಡಿಯಿರಿ. ಕ್ಯಾಂಪರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಫಿಫ್ತ್ ವೀಲ್ ತಡವಾಗಿ ತಿರುಗುತ್ತದೆ, ಆದ್ದರಿಂದ ಸ್ವಲ್ಪ ತಿರುಗಿಸಿ ಕಾಯಿರಿ. ಕೋನ ಜಾಸ್ತಿಯಾದರೆ ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರುಮಾಡಿ. ರಜಾದಿನ ಖಾಲಿ ಇರುವ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಅನುಮತಿ ಕೇಳಿ, ಕೋನ್ ಇಟ್ಟು ಅಭ್ಯಾಸ ಮಾಡಿ.

ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಡ್ರೈವರ್ ಬದಿಗೆ ಸಿಗುವ ಹಾಗೆ ಬಂದರೆ ಕಿಟಕಿಯಿಂದಲೇ ಎಲ್ಲ ಕಾಣುತ್ತದೆ. ಹಿಂದೆ ನಿಂತು ದಾರಿ ತೋರಿಸುವವರು ಯಾವಾಗಲೂ ನಿಮ್ಮ ಕನ್ನಡಿಯಲ್ಲಿ ಕಾಣಿಸಬೇಕು. ಕಾಣದಿದ್ದರೆ ತಕ್ಷಣ ನಿಲ್ಲಿಸಿ. "ಎಡಕ್ಕೆ" ಎಂದರೆ ಕ್ಯಾಂಪರಿನ ಹಿಂಭಾಗ ಎಡಕ್ಕೆ ಹೋಗಬೇಕೆಂದು ಮನೆಯಲ್ಲೇ ಮಾತಾಡಿಕೊಂಡಿರಿ. ಕೂಗಾಡುವ ಬದಲು ವಾಕಿಟಾಕಿ ಬಳಸಿ. ತಲೆಯೆತ್ತಿ ಕೊಂಬೆಗಳನ್ನೂ ನೋಡಬೇಕು.

ಬಿಡಿಸುವಾಗ ಎಲ್ಲಕ್ಕಿಂತ ಮೊದಲು ಎಡಬಲ ಸಮತಟ್ಟು ಮಾಡಿ, ಗಾಲಿಗೆ ಚಾಕ್ ಕೊಡಿ. ಚಾಕ್ ಇಲ್ಲದೆ ಹಿಡಿ ಎಳೆಯಬೇಡಿ. ಮುಂಗಾಲು ಇಳಿಸಿ, ಹಿಚ್ ಮೇಲಿನ ಭಾರ ಕಡಿಮೆಯಾಗುವಷ್ಟು ಎತ್ತಿ. ಕೇಬಲ್‌ಗಳನ್ನು ತೆಗೆದು ಟೈಲ್‌ಗೇಟ್ ಇಳಿಸಿ. ಆಮೇಲೆ ಹಿಡಿ ಎಳೆದು ದವಡೆ ತೆರೆಯಿರಿ. ಹಿಡಿ ಬರದಿದ್ದರೆ ಟ್ರಕ್ಕನ್ನು ಒಂಚೂರು ಹಿಂದಕ್ಕೆ ತಳ್ಳಿದರೆ ದವಡೆ ಸಡಿಲವಾಗುತ್ತದೆ. ಒಂದಡಿ ಮುಂದೆ ಹೋಗಿ ನಿಲ್ಲಿಸಿ, ಇಳಿದು ನೋಡಿ, ಎಲ್ಲ ಸರಿಯಿದ್ದರೆ ಪೂರ್ತಿ ಹೊರಬನ್ನಿ.

ಇನ್ನೊಂದು ಮಾತು. ಹೊಸ ಕ್ಯಾಂಪರ್ ಆಗಿರಲಿ, ಗಾಲಿ ಬಿಚ್ಚಿ ಹಾಕಿಸಿದ ಹಳೆಯದಾಗಿರಲಿ, ಮೊದಲ 50 ಮೈಲಿ ಓಡಿದ ಮೇಲೆ ಗಾಲಿಯ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿ. ಎಷ್ಟು ಬಿಗಿ ಎಂಬುದು ಕ್ಯಾಂಪರಿನ ಕೈಪಿಡಿಯಲ್ಲಿದೆ. ಹೊರಡುವ ಹಿಂದಿನ ರಾತ್ರಿಯೇ ರೆಂಚ್ ಟ್ರಕ್ಕಿನಲ್ಲಿಟ್ಟಿರಿ.